ಕಾದಂಬರಿ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕ

ನಾನು ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವ್ನು, ಇಂಗ್ಲಿಷ್ ಸಾಹಿತ್ಯ ಕಾಲೇಜಲ್ಲಿ ಓದಿದವ್ನಲ್ಲ. ನಮ್ಮ ಭಾನುವಾರದ ಓದುಗರ ಗುಂಪಲ್ಲಿ ಈ ಸಲ ಕಳೆದ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ರಾಜಕೀಯ ಹೇಗ್ ಬಂದಿದೆ ನೋಡೋಣ ಅಂತ ಆದಾಗ ನಾನು ನಂಗೆ ಗೊತ್ತಿರೋ ದಾರಿನೇ ಹಿಡಿದೆ. ಪಾತ್ರಗಳು ಮಾಡೋ ಭಾಷಣ ಪಕ್ಕಕ್ಕಿಟ್ಟು, ಯಾರಿಗೆ ಎಷ್ಟು ದುಡ್ಡು ಬರುತ್ತೆ, ಎಲ್ಲಿಂದ ಬರುತ್ತೆ, ಕೊನೆಗೆ ಯಾರ ಜೇಬು ಸೇರುತ್ತೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳೋದು, ಅಷ್ಟೇ. ಮೊದಲನೇ ಪುಟದಲ್ಲಿ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್ ಅಂತ ಬರೆದಿಟ್ಕೊಂಡೆ, 1971ರ ತನಕ ಅವರ ಲೆಕ್ಕ ಹಂಗೇ ಇದ್ದದ್ದು.

ಶುರು ಮಾಡಿದ್ದು ಫಾರ್ಸ್ಟರ್‌ನ ‘ಹೋವರ್ಡ್ಸ್ ಎಂಡ್’ನಿಂದ, 1910ರದ್ದು. ಅದರಲ್ಲಿ ಮಾರ್ಗರೆಟ್ ಅನ್ನೋಳು ತಾನೇ ಬಾಯ್ಬಿಟ್ಟು ಹೇಳ್ತಾಳೆ, ನಾನು ನಿಂತಿರೋದು ವರ್ಷಕ್ಕೆ 600 ಪೌಂಡಿನ ಮೇಲೆ, ತಂಗಿನೂ ಅಷ್ಟರ ಮೇಲೇ, ತಮ್ಮಂಗೆ 800 ಬರುತ್ತೆ ಅಂತ. ಇನ್ನೊಂದು ಕಡೆ ಲೆನರ್ಡ್ ಬ್ಯಾಸ್ಟ್, ಇನ್ಶೂರೆನ್ಸ್ ಕಂಪನಿ ಗುಮಾಸ್ತ, ಒಂದು ಛತ್ರಿ ಕೈತಪ್ಪಿದ್ರೂ ಸಂಕಟಪಡೋ ಮನುಷ್ಯ. ಆ ಕಂಪನಿ ಮುಳುಗುತ್ತೆ, ಬಿಟ್ಟುಬಿಡ್ಲಿ ಅಂತ ಶ್ರೀಮಂತ ವಿಲ್ಕಾಕ್ಸ್ ಸುಮ್ನೆ ಮಾತಿಗೆ ಅಂದಿದ್ದು ಇವನ ಕಿವಿಗೆ ಬೀಳುತ್ತೆ, ಇವನು ಬಿಟ್ಟು ಕಮ್ಮಿ ಸಂಬಳದ ಬ್ಯಾಂಕ್ ಕೆಲಸಕ್ಕೆ ಸೇರ್ತಾನೆ, ಅದೂ ಹೋಗುತ್ತೆ, ಕಂಪನಿ ಮಾತ್ರ ಮುಳುಗೋದೇ ಇಲ್ಲ. ವಿಲ್ಕಾಕ್ಸ್ ದುಡ್ಡು ಎಲ್ಲಿಂದ ಅಂತ ನೋಡಿದ್ರೆ ಪಶ್ಚಿಮ ಆಫ್ರಿಕಾದ ರಬ್ಬರ್! ಅದನ್ನ ನನ್ನ ನೋಟ್‌ಬುಕ್ಕಲ್ಲಿ ಬರೆದಾಗಲೇ ನಂಗೆ ಅದು ಸಾಮ್ರಾಜ್ಯದ ಕಾದಂಬರಿ ಕೂಡ ಅಂತ ಹೊಳೆದದ್ದು, ಮುನ್ನುಡಿ ಓದಿದಾಗ ಹೊಳೆದಿರ್ಲಿಲ್ಲ.

ಜಾಸ್ತಿ ಗಲಾಟೆ ಆದದ್ದು ರಾಬರ್ಟ್ ಟ್ರೆಸೆಲ್ ಓದಿದಾಗ. ಈತ ಡಬ್ಲಿನ್‌ನಲ್ಲಿ ಹುಟ್ಟಿ ಹೇಸ್ಟಿಂಗ್ಸ್‌ನಲ್ಲಿ ಮನೆಗಳಿಗೆ ಪೇಂಟ್ ಹೊಡೀತಿದ್ದವನು, 1911ರಲ್ಲಿ ಕ್ಷಯದಿಂದ ಸತ್ತ. ‘ದಿ ರ್ಯಾಗೆಡ್ ಟ್ರೌಸರ್ಡ್ ಫಿಲಾಂತ್ರಪಿಸ್ಟ್ಸ್’ ಅಚ್ಚಾಗಿದ್ದು 1914ರಲ್ಲಿ, ಅದೂ ಸಿಕ್ಕಾಪಟ್ಟೆ ಕತ್ತರಿ ಹಾಕಿ, ಪೂರ್ತಿ ಬಂದಿದ್ದು 1955ರಲ್ಲಿ, ಹಾಗಾಗಿ ಕೊಳ್ಳೋರು ಪೂರ್ತಿ ಇರೋದಾ ಅಂತ ನೋಡಿ ಕೊಳ್ಳಿ. ಅದರಲ್ಲಿ ಓವನ್ ಅನ್ನೋ ಪೇಂಟರ್ ಊಟದ ಹೊತ್ತಲ್ಲಿ ಜೊತೆಯವರಿಗೆ ಬ್ರೆಡ್ಡಲ್ಲಿ ಆರ್ಥಿಕತೆ ತೋರಿಸ್ತಾನೆ. ನಾವು ಅದನ್ನ ಓದೋ ಬದಲು ಮಾಡೇಬಿಟ್ವಿ. ಬ್ರೆಡ್ಡು ಕಚ್ಚಾ ಮಾಲು, ಮೂರು ಚಾಕು ಮೆಷಿನ್ನು, ಮೂರು ಒಂದ್ ರೂಪಾಯಿ ನಾಣ್ಯ ಮೂರು ಪೌಂಡು, ಎಲ್ಲ ನಂದೇ, ಯಾಕಂದ್ರೆ ನಾನು ಮಾಲೀಕ. ಮೂರು ಜನ ಕೆಲಸಗಾರರು ಒಬ್ಬೊಬ್ರು ಮೂರು ತುಂಡು ಕತ್ತರಿಸಿದ್ರು, ಅದು ಒಂದು ವಾರದ ಕೆಲಸ, ಕೂಲಿ ಒಂದು ಪೌಂಡ್. ತುಂಡುಗಳು ನಂದು, ಅವರಿಗೆ ತಿನ್ನೋಕೆ ಬೇಕಲ್ಲ, ಒಂದು ತುಂಡಿಗೆ ಒಂದು ಪೌಂಡ್ ಕೊಟ್ಟು ನನ್ ಹತ್ರಾನೇ ಕೊಂಡ್ರು. ವಾರದ ಕೊನೇಲಿ ಮೂರೂ ನಾಣ್ಯ ವಾಪಸ್ ನನ್ ಕೈಲಿ, ಒಂಬತ್ತು ತುಂಡಲ್ಲಿ ಆರು ನನ್ ತಟ್ಟೇಲಿ, ಎರಡು ತಿಂದ್ರೂ ನಾಲ್ಕು ಉಳೀತು, ಅವರ ಕೈ ಖಾಲಿ. ನಾಲ್ಕೈದು ರೌಂಡ್ ಆದ್ಮೇಲೆ ಪುಸ್ತಕದಲ್ಲಿ ಇದ್ದಂಗೇ, ಸರಕು ಜಾಸ್ತಿ ಆಯ್ತು, ಫ್ಯಾಕ್ಟರಿ ಮುಚ್ತೀನಿ ಅಂತ ಚಾಕುಗಳನ್ನ ಕಿತ್ಕೊಂಡೆ.

ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿ ಇರೋರೊಬ್ರು ಸಿಟ್ಟಾದ್ರು. “ಅಲ್ಲ ಸಾರ್, ನಿಮ್ ಚಾಕು ಸವೆಯಲ್ವಾ, ಬಾಡಿಗೆ ಕಟ್ಟಲ್ವಾ, ಪಕ್ಕದ ಅಂಗಡಿಯವ್ನು ಕಮ್ಮಿಗೆ ಮಾರಿದ್ರೆ ಏನ್ಮಾಡ್ತೀರಿ?” ನ್ಯಾಯವಾದ ಪ್ರಶ್ನೆನೇ, ಟ್ರೆಸೆಲ್ ಆ ಖರ್ಚೆಲ್ಲ ಬಿಟ್ಟಿದ್ದಾನೆ. ಆದ್ರೂ ದುಡಿದವರು ತಾವು ಮಾಡಿದ್ದನ್ನೇ ಪೂರ್ತಿ ಕೊಳ್ಳೋಕಾಗ್ದೆ ಇದ್ದಾಗ ಕೆಲಸನೇ ನಿಂತುಹೋಗುತ್ತೆ ಅನ್ನೋದು ಆ ಬ್ರೆಡ್ ತಟ್ಟೇಲಿ ಕಂಡಷ್ಟು ಸಲೀಸಾಗಿ ನಂಗೆ ಇನ್ನೆಲ್ಲೂ ಕಂಡಿಲ್ಲ.

ಗ್ರೀನ್‌ವುಡ್‌ನ ‘ಲವ್ ಆನ್ ದಿ ಡೋಲ್’ (1933) ಇದರ ಮುಂದಿನ ಭಾಗ ಇದ್ದಂಗಿದೆ, ಸಾಲ್ಫರ್ಡ್‌ನ ಹುಡುಗ ಹ್ಯಾರಿ ಏಳು ವರ್ಷ ಅಪ್ರೆಂಟಿಸ್ ಮಾಡಿ ಪೂರ್ತಿ ಸಂಬಳ ಕೊಡೋ ಹೊತ್ತಿಗೆ ಮನೆಗೆ ಕಳಿಸ್ತಾರೆ. ಆಮೇಲೆ 1931ರ ಮೀನ್ಸ್ ಟೆಸ್ಟು, ಅಂದ್ರೆ ಮನೆಯ ಒಟ್ಟು ಆದಾಯ ನೋಡೋ ಸರ್ಕಾರದ ತಪಾಸಣೆ, ಮನೇಲಿ ಬೇರೆ ಯಾರಾದ್ರೂ ದುಡೀತಿದ್ರೆ ಇವನ ನಿರುದ್ಯೋಗ ಭತ್ಯೆಗೆ (ಹೆಸರಲ್ಲಿರೋ ‘ಡೋಲ್’ ಅದೇ) ಕತ್ರಿ. ಸೋಮವಾರ ಸೋಮವಾರ ಅಡವಿಡೋಕೆ ಬಟ್ಟೆ ಗಂಟು ಹೊತ್ಕೊಂಡು ಹೋಗೋದಂತೂ ಓದಿದ್ರೆ ಹೊಟ್ಟೆ ಕಿವುಚುತ್ತೆ. ಇದನ್ನ ಸಿನಿಮಾ ಮಾಡೋಕೆ 1936ರಲ್ಲಿ ಅಲ್ಲಿನ ಸೆನ್ಸಾರ್‌ನವರು ಒಪ್ಲಿಲ್ಲ, ಬಂದಿದ್ದು 1941ರಲ್ಲಿ.

ನನ್ನ ಲೆಕ್ಕದ ಪುಸ್ತಕ ಕೆಲಸಕ್ಕೆ ಬಾರದೇ ಹೋಗುತ್ತೆ ಅನ್ಕೊಂಡಿದ್ದು ಇಶಿಗುರೋನ ‘ದಿ ರಿಮೇನ್ಸ್ ಆಫ್ ದಿ ಡೇ’ (1989) ತಗೊಂಡಾಗ. ಬಟ್ಲರ್ ಸ್ಟೀವನ್ಸ್ ಸಂಬಳದ ಮಾತೇ ಎತ್ತಲ್ಲ, ಅವನಿಗೆ ಅದು ಮರ್ಯಾದೆಗೆ ಕಮ್ಮಿ. ಅದಕ್ಕೆ ಅವನ ಹತ್ರ ಏನೇನಿದೆ ಅಂತ ಬರೆದೆ. 1956ರಲ್ಲಿ ಅವನು ಪ್ರವಾಸ ಹೊರಡೋ ಕಾರು ಧಣಿದು, ಪೆಟ್ರೋಲ್ ದುಡ್ಡು ಧಣಿದು, ಸೂಟು ಇನ್ಯಾರೋ ಸಾಹೇಬ್ರು ದಾಟಿಸಿದ್ದು. ಆ ವೇಷದಲ್ಲಿ ಹಳ್ಳಿಗೆ ಹೋದ್ರೆ ಜನ ಅವನನ್ನೇ ದೊಡ್ಡ ಸಾಹೇಬ ಅನ್ಕೊಂಡು ದೇಶದ ರಾಜಕೀಯ ಕೇಳ್ತಾರೆ, ಅವನು ತಾನು ಯಾರು ಅಂತ ಹೇಳೋದೇ ಇಲ್ಲ. ಯುದ್ಧಕ್ಕೂ ಮುಂಚೆ, ನಾಜಿಗಳ ಕಡೆ ಒಲವಿದ್ದ ಹಳೇ ಧಣಿ ಮಾತಿಗೆ ಮನೆಗೆಲಸದ ಯಹೂದಿ ಹುಡುಗಿಯರಿಬ್ಬರನ್ನ ಕೆಲಸದಿಂದ ತೆಗೆದವನೂ ಇವನೇ. ಅವನು ಹೆದರಿ ಸುಮ್ನಿದ್ದನೋ ನಂಬಿ ಸುಮ್ನಿದ್ದನೋ ಅಂತ ನಮ್ಮ ಗುಂಪಲ್ಲಿ ಇನ್ನೂ ಒಮ್ಮತ ಇಲ್ಲ. ನಾನಂತೂ ನಂಬಿ ಅಂತೀನಿ, ಹಾರ್ಡ್‌ವೇರ್ ಅಂಗಡಿಯವ್ರು ಬಿಲ್‌ಕುಲ್ ಒಪ್ಪಲ್ಲ.