ಒಂದೂವರೆ ಲಕ್ಷ ಕಿ.ಮೀ. ಓಡಿದ ಸ್ಕೋಡಾ ಲೌರಾ ವಿಆರ್‌ಎಸ್ ಕಾರು ಕೊಂಡ ಕಥೆ

ಹಿಂದಿನ ರಾತ್ರಿ ಫೋನಿನಲ್ಲಿ, ಕಾರು ಮಾರುತ್ತಿದ್ದ ಹಾಸನದ ಡಾಕ್ಟರಿಗೆ ಒಂದೇ ಮಾತು ಹೇಳಿದ್ದೆ. "ಸಾರ್, ನಾಳೆ ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ." ಅವರು ನಕ್ಕರು. "ಯಾಕ್ರೀ, ಪೂಜೆ ಗೀಜೆ ಮಾಡಿಸ್ತೀರಾ?"

ಬೆಳಿಗ್ಗೆ ಐದಕ್ಕೆ ಮೈಸೂರು ಬಿಟ್ಟು ಹೊಳೆನರಸೀಪುರದ ಮೇಲೆ ಹಾಸನ ಸೇರಿದಾಗ ಏಳೂವರೆ. ಜೊತೆಗೆ ನಮ್ಮ ಮೆಕ್ಯಾನಿಕ್ ಅಣ್ಣ, ಅವರ ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಸ್ಕ್ಯಾನರ್ ಕೇಬಲ್, ಟಾರ್ಚು. ಗೇಟಿನೊಳಗೆ ಕೆಂಪು ಬಣ್ಣದ 2012ರ ಸ್ಕೋಡಾ ಲೌರಾ ವಿಆರ್‌ಎಸ್. ಮೀಟರಿನಲ್ಲಿ 1,48,300 ಕಿ.ಮೀ. ಬಾನೆಟ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಮನುಷ್ಯ ಮಾತಿಗೆ ನಿಲ್ಲುವವರು ಅನ್ನಿಸಿತು.

ಈ ಕಾರು ಗೊತ್ತಿಲ್ಲದವರಿಗೆ ಎರಡು ಮಾತು. ವಿಆರ್‌ಎಸ್ ಅಂದರೆ ಲೌರಾದ ಸ್ಪೋರ್ಟ್ಸ್ ನಮೂನೆ. ನಮ್ಮಲ್ಲಿ ಬಂದಿದ್ದು 2011ರಲ್ಲಿ. 1.8 ಲೀಟರ್ ಟರ್ಬೊ ಪೆಟ್ರೋಲ್, 160 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್, ಆರು ಗೇರಿನ ಮ್ಯಾನ್ಯುಯಲ್. ಯುರೋಪಿನ ವಿಆರ್‌ಎಸ್‌ಗೆ 2 ಲೀಟರ್ ಎಂಜಿನ್, 200 ಪಿಎಸ್ ಇತ್ತು. ನಮಗೆ ಮಾಮೂಲಿ ಲೌರಾದ ಎಂಜಿನ್ನೇ ಕೊಟ್ಟರು ಅಂತ ಆಗ ಬೈದವರು ಬೇಕಾದಷ್ಟು ಜನ. ಈಗ ಹಳೇದು ಕೊಳ್ಳುವವನಿಗೆ ಅದೇ ಅನುಕೂಲ. ಅದೇ ಎಂಜಿನ್ ಆ ಕಾಲದ ಸೂಪರ್ಬ್‌ನಲ್ಲೂ ಇತ್ತು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಪಾರ್ಟ್ಸ್ ಸಿಗುತ್ತವೆ.

ಇದಕ್ಕೂ ಮೊದಲು ಬೆಂಗಳೂರಿನಲ್ಲಿ ಇನ್ನೊಂದು ವಿಆರ್‌ಎಸ್ ನೋಡಿದ್ದೆ. ಮೀಟರಿನಲ್ಲಿ ಬರೀ 61,000. ಫಳಫಳ ಹೊಳೆಯುತ್ತಿತ್ತು. ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. "ಈಗಷ್ಟೇ ವಾಶ್ ಮಾಡಿಸ್ಕೊಂಡ್ ಬಂದೆ ಸಾರ್" ಅಂದ ಮಾರುವವನು. ಸ್ಟೀರಿಂಗ್ ಚರ್ಮ ಸವೆದು ಗಾಜಿನ ಹಾಗೆ ನುಣ್ಣಗಾಗಿತ್ತು. ಕ್ಲಚ್ ಪೆಡಲಿನ ರಬ್ಬರು ಒಂದು ಕಡೆ ಬೋಳು. ಸ್ಕ್ಯಾನರ್ ಹಾಕಿದರೆ ಒಂದೂ ಫಾಲ್ಟ್ ಇಲ್ಲ. ಆದರೆ ಎಂಜಿನ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಲೆಕ್ಕವೂ ಪೂರ್ತಿ ಆಗಿರಲಿಲ್ಲ. ಅಂದರೆ ಯಾರೋ ಒಂದೆರಡು ದಿನದ ಹಿಂದೆ ಫಾಲ್ಟ್ ಕೋಡ್‌ಗಳನ್ನೆಲ್ಲ ಅಳಿಸಿದ್ದಾರೆ. ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಿದೆ. 2017ರಲ್ಲೇ ಆ ಗಾಡಿ 94,000 ಓಡಿತ್ತು.

ಅಪ್ಪನಿಗೆ ಹೇಳಿದರೆ ಜೋರಾಗಿ ನಕ್ಕುಬಿಟ್ಟರು. ಅವರು ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಂಡವರು. ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ನಿಜ. ಆದರೆ ಹಲ್ಲು ನೋಡಿ ದುಡ್ಡು ಎಣಿಸಿದವರಲ್ಲ. ಹೆಗಲು ಸವರಿ ನೊಗದ ಗಾಯ ಇದೆಯಾ ನೋಡುವರು. ಗಾಡಿಗೆ ಕಟ್ಟಿಸಿ ನಡೆಸುವರು. "ಎತ್ತಿನ ಹಲ್ಲನ್ನ ಯಾವನೂ ಹಿಂದಕ್ಕೆ ತಿರುಗಿಸಕ್ಕಾಗಲ್ಲ ಕಣಪ್ಪ, ನಿಮ್ ಮೀಟರ್ ಹಾಗಲ್ವಲ್ಲ" ಅಂದರು. ಅಲ್ಲಿಂದ ಮೀಟರ್ ನೋಡುವುದನ್ನು ಕೊನೆಗಿಟ್ಟೆ.

ಈಗ ಹಾಸನಕ್ಕೆ ವಾಪಸ್ ಬರೋಣ. ತಣ್ಣನೆಯ ಎಂಜಿನ್ ಯಾಕೆ ಬೇಕಿತ್ತು? ಈ ಎಂಜಿನ್‌ನಲ್ಲಿ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್ ಇದೆ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆ ಒತ್ತಡ ಇರುವುದಿಲ್ಲ. ಚೈನ್ ಎಳೆದು ಸಡಿಲವಾಗಿದ್ದರೆ ಸ್ಟಾರ್ಟ್ ಮಾಡಿದ ಮೊದಲ ಎರಡು ಸೆಕೆಂಡು ಕರಕರ ಅನ್ನುತ್ತದೆ. ಎಂಜಿನ್ ಬಿಸಿ ಇದ್ದರೆ ಆ ಸದ್ದು ಸಿಗುವುದು ಕಷ್ಟ. ಟೆನ್ಷನರ್ ಕೈಕೊಟ್ಟು ಚೈನ್ ಹಲ್ಲು ಹಾರಿತು ಅಂದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಆಮೇಲೆ ಕಥೆ ಮುಗೀತು.

ಡಾಕ್ಟರು ಕೀ ತಿರುಗಿಸಿದರು. ನಾವಿಬ್ಬರೂ ಬಾನೆಟ್ ಒಳಗೆ ತಲೆ ಹಾಕಿ ನಿಂತಿದ್ದೆವು. ಒಂದು ಸೆಕೆಂಡ್, ಕರ್ರ್ ಅಂದು ನಿಂತಿತು. ಅಣ್ಣ ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಚೈನ್ ಕವರಿನ ಕೆಳಗೆ ಒಂದು ಸಣ್ಣ ರಬ್ಬರ್ ಮುಚ್ಚಳ ಇದೆ. ಎಂಜಿನ್ ಆಫ್ ಮಾಡಿಸಿ, ಅದನ್ನು ತೆಗೆದು ಟಾರ್ಚ್ ಬಿಟ್ಟರೆ ಟೆನ್ಷನರ್ ಕಾಣುತ್ತದೆ. ಹಳೆಯ ನಮೂನೆಯದ್ದೇ ಇತ್ತು, ಆಮೇಲೆ ಬಂದ ಸುಧಾರಿಸಿದ್ದಲ್ಲ. ಚೈನ್ ಸೆಟ್ ಪೂರ್ತಿ ಬದಲಾಯಿಸಬೇಕು. ನೋಟ್ಬುಕ್ಕಿನಲ್ಲಿ ಬರೆದುಕೊಂಡೆ: 55,000.

ಮತ್ತೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲೇ ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆವು. ಮುಚ್ಚಳ ಜೋರಾಗಿ ಒಳಗೆಳೆದುಕೊಂಡು ಶಿಳ್ಳೆ ಹೊಡೆದರೆ ಎಂಜಿನ್ ಒಳಗಿನ ಹಬೆ ಹೊರಬಿಡುವ ಪಿಸಿವಿ ವಾಲ್ವ್‌ನ ಪೊರೆ ಹರಿದಿದೆ ಅಂತ. ಹಾಗೇನೂ ಆಗಲಿಲ್ಲ. ಆಯಿಲ್ ಎಷ್ಟು ಕುಡಿಯುತ್ತೆ ಅಂತ ಕೇಳಿದೆ. "ಮೂರು ಸಾವಿರಕ್ಕೆ ಒಂದು ಲೀಟರ್ ಹಾಕ್ತೀನಿ" ಅಂತ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಈ ಎಂಜಿನ್‌ಗೆ ಅದು ತಕರಾರಿನ ವಿಷಯವೇ ಅಲ್ಲ. ಸ್ವಲ್ಪವೂ ಕುಡಿಯಲ್ಲ ಅಂದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ನನ್ನ ಮನಸ್ಸು ಬದಲಾದದ್ದು ಫೈಲ್ ನೋಡಿದ ಮೇಲೆ. ಕಂಪನಿ ಹೇಳುವುದು 15,000 ಕಿ.ಮೀ.ಗೆ ಆಯಿಲ್. ಇವರು 7,500ಕ್ಕೆ ಒಂದು ಸಲ ಹಾಕಿಸಿದ್ದರು, ಹನ್ನೆರಡು ವರ್ಷದ ಬಿಲ್ ಜೋಡಿಸಿಟ್ಟಿದ್ದರು. ತಿಂಗಳಿಗೆ ಎರಡು ಸಲ ಹಾಸನ–ಬೆಂಗಳೂರು ಓಡಾಟ. ಹೈವೇ ಕಿಲೋಮೀಟರು ಅಂದರೆ ಎಂಜಿನ್ ಒಂದೇ ಹದದಲ್ಲಿ ಬಿಸಿಯಾಗಿ ಓಡಿರುತ್ತದೆ, ಕ್ಲಚ್‌ಗೂ ಕೆಲಸ ಕಡಿಮೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಓಡಿದ ಅರವತ್ತು ಸಾವಿರಕ್ಕಿಂತ ಇದು ಮೇಲು.

ಚನ್ನರಾಯಪಟ್ಟಣದ ಕಡೆ ಓಡಿಸಿಕೊಂಡು ಹೋದೆ. ನಾಲ್ಕನೇ ಗೇರ್, 1,800 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್. ಆರ್‌ಪಿಎಂ ಮೊದಲು ಏರಿ ವೇಗ ಆಮೇಲೆ ಬಂದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿ (ರೀಮ್ಯಾಪ್), ಮಾರುವ ಮುಂಚೆ ವಾಪಸ್ ಹಾಕಿಸಿದ ಗಾಡಿಗಳು ಸಿಕ್ಕಿಬೀಳೋದು ಇಲ್ಲೇ. ಇದು ಜಾರಲಿಲ್ಲ. ಬೆನ್ನಿಗೆ ಒಂದು ಒದೆ ಕೊಟ್ಟ ಹಾಗೆ ಹೋಯಿತು. ಸುಳ್ಳು ಹೇಳಲ್ಲ, ಆ ಒದೆ ಬಿದ್ದ ಮೇಲೆ ನನ್ನ ಬುದ್ಧಿ ಅರ್ಧ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೇ ಅಣ್ಣನನ್ನು ಕರೆದುಕೊಂಡು ಹೋಗಿದ್ದು. ಅವರು ಪಕ್ಕದಲ್ಲಿ ಕೂತು ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳ ಟಕಟಕ ಎಣಿಸುತ್ತಿದ್ದರು.

ಲೆಕ್ಕ ಹೀಗೆ ನಿಂತಿತು. ಚೈನ್ 55,000. ಟೈರಿನ ಪಕ್ಕದಲ್ಲಿ 2317 ಅಂತಿತ್ತು, ಅಂದರೆ 2017ರ 23ನೇ ವಾರದ್ದು. ಟೈರಿನ ಗೆರೆ ಸವೆದಿರಲಿಲ್ಲ, ಆದರೂ ರಬ್ಬರ್ ಗಟ್ಟಿಯಾಗಿತ್ತು. ನಾಲ್ಕು ಟೈರಿಗೆ 34,000. ಬುಷ್, ಶಾಕ್ ಅಬ್ಸಾರ್ಬರ್ 42,000. ವಾಟರ್ ಪಂಪ್ ಹತ್ತಿರ ಒಣಗಿದ ಗುಲಾಬಿ ಕೂಲಂಟ್ ಗುರುತು, ಅದಕ್ಕೆ 22,000. ಕ್ಲಚ್ ಯಾವಾಗ ಬೇಕಾದರೂ ಕೇಳಬಹುದು ಅಂತ 70,000 ಬೇರೆ. ಒಟ್ಟು 2,23,000. ಡಾಕ್ಟರು ಕೇಳುತ್ತಿದ್ದದ್ದು 4.75 ಲಕ್ಷ. ಟವೆಲ್ ಕೆಳಗೆ ಬೆರಳು ಹಿಡಿಯುವ ಜಾತ್ರೆ ವ್ಯಾಪಾರ ಇಲ್ಲಿ ಇರಲಿಲ್ಲ. ನೋಟ್ಬುಕ್ಕನ್ನೇ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎಕ್ಸ್‌ರೇ ಓದುವ ಹಾಗೆ ಓದಿದರು. ಕೊನೆಗೆ 4.05ಕ್ಕೆ ಬಂತು. ರಿಪೇರಿ ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಅವತ್ತೇ ಬಿಟ್ಟು ಬರುತ್ತಿದ್ದೆ. "ಎರಡೂ ಸೇರಿಸಿದ್ರೆ ಹೊಸ ಕಾರೇ ಬರ್ತಿತ್ತಲ್ರೀ" ಅಂದಳು ಹೆಂಡತಿ. ಬರುತ್ತಿತ್ತು.

ಕಾಗದ ಪತ್ರ ಸುಲಭ. ಎಂಪರಿವಾಹನ್ ಆ್ಯಪಿನಲ್ಲಿ ಸಾಲದ ಬಾಕಿ, ಇನ್ಶೂರೆನ್ಸ್ ನೋಡಿದೆ. ಮಾಲೀಕತ್ವ ಬದಲಾವಣೆಯ ಫಾರಂ 29, 30ಕ್ಕೆ ಸಹಿ ಆಯಿತು. ಆರ್‌ಸಿ 2027ಕ್ಕೆ ಹದಿನೈದು ವರ್ಷ ಮುಗಿಯುತ್ತದೆ. ರಿನ್ಯೂ ಮಾಡಿಸಲು ಕಾರಿಗೆ 5,000 ಶುಲ್ಕ, ಐದು ವರ್ಷ ಸಿಗುತ್ತದೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಅನ್ನುವ ದೆಹಲಿಯ ನಿಯಮದ ಭಯಕ್ಕೆ ಅಲ್ಲಿಯವರು ಇಂಥ ಗಾಡಿ ಅಗ್ಗಕ್ಕೆ ಬಿಡುತ್ತಿದ್ದರು. ಆಸೆಪಟ್ಟೆ. ಎನ್‌ಒಸಿ, ಇಲ್ಲಿನ ರೋಡ್ ಟ್ಯಾಕ್ಸ್ ಎಲ್ಲ ಸೇರಿಸಿ ನೋಡಿ ಕೈಬಿಟ್ಟೆ.

ತಪ್ಪು ಮಾಡಿದ್ದು ಒಂದು ಕಡೆ. ವಾಟರ್ ಪಂಪ್ ಈಗಲೇ ಹಾಕಿಸು ಅಂತ ಅಣ್ಣ ಹೇಳಿದ್ದರು. ಬರೀ ಗುರುತಲ್ವಾ, ಆಮೇಲೆ ನೋಡೋಣ ಅಂದೆ. ನಾಲ್ಕು ತಿಂಗಳಿಗೆ ನಂಜನಗೂಡು ರಸ್ತೆಯಲ್ಲಿ ಕೂಲಂಟ್ ದೀಪ ಹತ್ತಿತು. ಪ್ಲಾಸ್ಟಿಕ್ ಹೌಸಿಂಗ್ ಸೀಳಿತ್ತು. ಟೋ ಮಾಡಿಸಿಕೊಂಡು ಬಂದೆ. ಪಂಪ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ. ಅದನ್ನು ಬಿಚ್ಚಿದರೆ ವಾಲ್ವ್‌ಗಳು ಕಾಣುತ್ತವೆ. ಈ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವವರೇ ಇಲ್ಲ. ಕಾಡಿಗೆ ಡಬ್ಬಿಯ ಹಾಗೆ ಮಸಿ ಕಟ್ಟಿತ್ತು. ಅದನ್ನೂ ಆಗಲೇ ಕ್ಲೀನ್ ಮಾಡಿಸಿದೆ. ಬೆಳಗಿನ ಹೊತ್ತು ಐಡಲ್‌ನಲ್ಲಿ ಸಣ್ಣಗೆ ನಡುಗುತ್ತಿದ್ದದ್ದು ನಿಂತಿತು.

ಈಗ ಮೀಟರು 1,71,000. ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಂದು ಸಲ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ. ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಒಂದು ಲೀಟರ್ ಆಯಿಲ್ ಡಬ್ಬ ಯಾವಾಗಲೂ ಇರುತ್ತದೆ. ಕ್ಲಚ್‌ಗೆ ಅಂತ ಎತ್ತಿಟ್ಟ 70,000 ಇನ್ನೂ ಬ್ಯಾಂಕಿನಲ್ಲೇ ಇದೆ. ಪೆಡಲ್ ಮಾತ್ರ ಈಗೀಗ ಸ್ವಲ್ಪ ಮೇಲೆ ಹಿಡಿಯುತ್ತಿದೆ.