ಕೇದಿಗೆ ಘಮ ಮನೆಯಲ್ಲೇ ಮಾಡಿದ್ದು

ನಮ್ಮಜ್ಜಿಯ ಟ್ರಂಕು ತೆಗೆದರೆ ಸೀರೆಗಿಂತ ಮೊದಲು ಕೇದಿಗೆ ಘಮ ಬರುತ್ತಿತ್ತು. ಪ್ರತಿ ಮಳೆಗಾಲ ಒಂದೆರಡು ಗರಿ ತಂದು ಸೀರೆ ಮಡಿಕೆಯಲ್ಲಿ ಇಡುತ್ತಿದ್ದಳು. ಈಗ ಚಿತ್ರದುರ್ಗದಲ್ಲಿ ಸೇವಂತಿಗೆ, ಮಲ್ಲಿಗೆ, ಕನಕಾಂಬರ ಎಷ್ಟು ಬೇಕಾದರೂ ಸಿಗುತ್ತದೆ. ಕೇದಿಗೆ ಕೇಳಿದರೆ ಹೂವಿನವರು ನಾಗರಪಂಚಮಿ ಹೊತ್ತಿಗೆ ಬನ್ನಿ ಅನ್ನುತ್ತಾರೆ. ಆಗಲೂ ಬಂದರೆ ಬಂತು.

ಸೋಪು, ಅತ್ತರು ಮಾಡಿ ನನಗೆ ಸ್ವಲ್ಪ ಕೈ ಪಳಗಿದೆ. ಹಾಗಾಗಿ ಈ ವಾಸನೆಯನ್ನೂ ಮಾಡಿ ನೋಡೋಣ ಅಂತ ಕೂತೆ. ಕೇದಿಗೆ ಎಣ್ಣೆಗೆ ಒಡಿಶಾದ ಗಂಜಾಂ ಜಿಲ್ಲೆ ಹೆಸರುವಾಸಿ. ಅಲ್ಲಿ ಗಂಡು ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ಆ ಎಣ್ಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಫೀನೈಲ್ ಈಥೈಲ್ ಮೀಥೈಲ್ ಈಥರ್ ಅನ್ನುವ ರಾಸಾಯನಿಕ. ಅದರ ನಂತರ ಟರ್ಪಿನೆನ್-4-ಆಲ್. ಮೊದಲನೆಯದನ್ನು ಮೂಸಿದ ತಕ್ಷಣ ಅರ್ಧ ಕೇದಿಗೆ ಸಿಕ್ಕಿಬಿಟ್ಟಿತು!

ಎರಡನೆಯದಕ್ಕೆ ದುಡ್ಡು ಉಳಿಸಲು ಹೋಗಿ ತಪ್ಪು ಮಾಡಿದೆ. ಟೀ ಟ್ರೀ ಎಣ್ಣೆಯಲ್ಲಿ ಸುಮಾರು ಶೇ. 40ರಷ್ಟು ಟರ್ಪಿನೆನ್-4-ಆಲ್ ಇರುತ್ತದೆ, ಅದನ್ನೇ ಹಾಕಿದರೆ ಆಗಲ್ವಾ ಅಂದುಕೊಂಡೆ. ಅಮ್ಮನ ಮೂಗಿಗೆ ಹಿಡಿದೆ. "ಇದು ಹೂ ಅಲ್ಲ ಕಣೇ, ಆಸ್ಪತ್ರೆ" ಅಂದರು. ಉಳಿದ ಶೇ. 60 ತನ್ನ ವಾಸನೆಯನ್ನೂ ಜೊತೆಗೆ ತಂದಿತ್ತು. ಶುದ್ಧವಾದದ್ದನ್ನೇ ತರಿಸಿದೆ. ಹನಿ ಲೆಕ್ಕವನ್ನೂ ಬಿಟ್ಟೆ. ಒಂದೊಂದು ದ್ರವದ ಹನಿ ಒಂದೊಂದು ತೂಕ ಇರುತ್ತದೆ, ಇವತ್ತು ಬಂದದ್ದು ನಾಳೆ ಬರುವುದಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕೇ ಬೇಕು. ಕಿಟಕಿ ತೆಗೆದಿರಲಿ, ಕೈಗೆ ಗ್ಲೌಸ್ ಇರಲಿ.

ಇಷ್ಟಾದರೂ ಬಂದದ್ದು ಬಿರಿಯಾನಿಗೆ ಹಾಕುವ ಕೇವಡಾ ನೀರಿನ, ಅಂದರೆ ಅಂಗಡಿಯ ಕೇದಿಗೆ ನೀರಿನ ವಾಸನೆ. ಬಿರಿಯಾನಿ ನೆನಪಾಗುತ್ತಿತ್ತು, ಟ್ರಂಕು ಅಲ್ಲ.

ಪಂಚಮಿ ಹಿಂದಿನ ದಿನ ಹೊಳಲ್ಕೆರೆ ಕಡೆಯ ಸಂಬಂಧಿಕರು ತೋಟದ ಹಳ್ಳದಿಂದ ಒಂದು ಹೂ ಕೊಯ್ದು ಕಳಿಸಿದರು. ಮುಳ್ಳು ಗೀರಿಸಿಕೊಂಡು, ಹಾವಿನ ಭಯದಲ್ಲಿ ಕೊಯ್ದದ್ದು. ಅದನ್ನು ಪಕ್ಕದಲ್ಲಿಟ್ಟುಕೊಂಡು ನನ್ನ ಮಿಶ್ರಣದಲ್ಲಿ ಅದ್ದಿದ ಕಾಗದದ ಪಟ್ಟಿ ಮೂಸಿದಾಗಲೇ ಎಲ್ಲಿ ಎಡವಿದ್ದೇನೆ ಅಂತ ಗೊತ್ತಾಯಿತು. ನಾನು ಮಾಡಿದ್ದು ಬಟ್ಟಿ ಇಳಿಸಿದ ಎಣ್ಣೆಯ ನಕಲು. ಹಬೆಗೆ ಸಿಕ್ಕ ಹೂವಿನ ವಾಸನೆ ಬೇರೆ, ಗಿಡದ ಹೂವಿನದು ಬೇರೆ. ನಿಜವಾದ ಹೂವಿನಲ್ಲಿ ಹಸಿ ಗರಿ ಸೀಳಿದ ವಾಸನೆ ಇತ್ತು, ಪರಾಗದ ಹಿಟ್ಟಿನ ಸಣ್ಣ ಸಿಹಿ ಇತ್ತು. ಮೂರನೇ ದಿನ ಗರಿ ಬಾಡಿದಾಗ ಒಣಹುಲ್ಲಿನ ಬೆಚ್ಚನೆ ವಾಸನೆ ಬಂತು. ಅಜ್ಜಿಯ ಟ್ರಂಕಿನದು ಅದೇ!

ಆಮೇಲೆ ಹನ್ನೊಂದು ಸಲ ಬದಲಾಯಿಸಿದೆ. ಈಗ 10 ಗ್ರಾಂಗೆ ನನ್ನ ಅಳತೆ ಹೀಗಿದೆ. ಫೀನೈಲ್ ಈಥೈಲ್ ಮೀಥೈಲ್ ಈಥರ್ 6 ಗ್ರಾಂ, ಟರ್ಪಿನೆನ್-4-ಆಲ್ 1.5, ಗುಲಾಬಿ ನೀರಿನಂತೆ ಘಮಿಸುವ ಫೀನೈಲ್ ಈಥೈಲ್ ಆಲ್ಕೋಹಾಲ್ 1.2, ಲಿನಲೂಲ್ 0.5. ಹಸಿ ಗರಿಗೆ ಸಿಸ್-3-ಹೆಕ್ಸೆನಾಲ್, ಶೇ. 1ಕ್ಕೆ ತೆಳು ಮಾಡಿದ್ದು 0.3. ಒಣಹುಲ್ಲಿಗೆ ಕೂಮರಿನ್, ಶೇ. 10ರ ದ್ರಾವಣ 0.5. ಕೊನೆಯ ಎರಡನ್ನೂ ತೆಳು ಮಾಡದೆ ಮುಟ್ಟಬೇಡಿ, ಹೂವನ್ನೇ ನುಂಗಿಬಿಡುತ್ತವೆ. ಎರಡು ವಾರ ಕತ್ತಲಲ್ಲಿಟ್ಟು, ಆಮೇಲೆ ಒಂದು ಪಾಲಿಗೆ ಒಂಬತ್ತು ಪಾಲು ಡೈಪ್ರೊಪಿಲೀನ್ ಗ್ಲೈಕಾಲ್ (ತೆಳು ಮಾಡಲು ಬಳಸುವ, ವಾಸನೆ ಇಲ್ಲದ ದ್ರವ) ಸೇರಿಸುತ್ತೇನೆ.

ಪರಾಗದ ಸಿಹಿ ಇನ್ನೂ ಸಿಕ್ಕಿಲ್ಲ. ಫೀನೈಲ್ ಅಸಿಟಿಕ್ ಆಸಿಡ್ ಹಾಕಿದೆ, ಜೇನಿನ ಕಡೆ ಜಾಸ್ತಿ ವಾಲಿತು. ಆದರೆ ಈ ಮಿಶ್ರಣದಲ್ಲಿ ಹತ್ತಿ ಅದ್ದಿ, ಸಣ್ಣ ಡಬ್ಬಿಯಲ್ಲಿಟ್ಟು ಟ್ರಂಕಿನೊಳಗೆ ಇಟ್ಟಿದ್ದೆ. ವಾರದ ಮೇಲೆ ಅಮ್ಮ ಸೀರೆ ತೆಗೆಯಲು ಹೋದವರು ಅಲ್ಲೇ ನಿಂತರು. "ಗರಿ ಎಲ್ಲಿ ಸಿಕ್ತು?" ಅಂತ ಕೇಳಿದರು.