ಕೈಬಿಟ್ಟ ನೆಟ್‌ಬುಕ್‌ಗೆ ಕೈಯಾರೆ ಕಟ್ಟಿದ ಕರ್ನಲ್

ನಮ್ಮ ಓಣಿಯ ಹುಡುಗಿಯೊಬ್ಬಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಬೇಸಿಗೆಯ ಒಂದು ಸಂಜೆ ಹಳೆಯ ನೆಟ್‌ಬುಕ್ ಒಂದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ಬಂದಳು. "ಕಾಕಾ, ಇದನ್ನು ರದ್ದಿಗೆ ಹಾಕಿ ಎಂದು ಅಂಗಡಿಯವರು ಹೇಳಿದರು. ನೀವೊಮ್ಮೆ ನೋಡುತ್ತೀರಾ?" ಎಂದಳು.

ಹತ್ತು ಇಂಚಿನ ಪರದೆ, 1 ಜಿಬಿ ರ‍್ಯಾಮ್, ಇಂಟೆಲ್ ಆಟಂ ಎನ್‌270 ಪ್ರೊಸೆಸರ್. 2008ರಲ್ಲಿ ಬಂದ ಈ ಪ್ರೊಸೆಸರ್ ಅಪ್ಪಟ 32 ಬಿಟ್‌ನದು. ಅದರ ಜೊತೆಗೆ ಬಂದಿದ್ದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತುಹೋಗಿದೆ. ಲಿನಕ್ಸ್‌ನಲ್ಲೂ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಲಿನಕ್ಸನ್ನು ಸಿದ್ಧ ರೂಪದಲ್ಲಿ ಹಂಚುವ ಉಬುಂಟು 2017ರಲ್ಲಿ 32 ಬಿಟ್ ಡೆಸ್ಕ್‌ಟಾಪ್ ಪ್ರತಿಯನ್ನು ಕೈಬಿಟ್ಟಿತು. ಅಂಥದ್ದೇ ಇನ್ನೊಂದಾದ ಡೆಬಿಯನ್‌ನ, 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 13ನೆಯ ಆವೃತ್ತಿಯಲ್ಲಿ ಇಂಥ ಯಂತ್ರಕ್ಕೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಆದರೆ ಇಲ್ಲ ಎಂದದ್ದು ಹಂಚುವವರು. ಕರ್ನಲ್‌ನ ಮೂಲ ಸಂಕೇತದಲ್ಲಿ, ಉದಾಹರಣೆಗೆ 2024ರ ನವೆಂಬರ್‌ನಲ್ಲಿ ಬಂದ 6.12ರ ದೀರ್ಘಾವಧಿ ಆವೃತ್ತಿಯಲ್ಲಿ, ಎನ್‌270ಕ್ಕೆ ಬೇಕಾದದ್ದೆಲ್ಲ ಇದೆ. ನಾವು ಡೆಬಿಯನ್ 12ರ 32 ಬಿಟ್ ಪ್ರತಿಯನ್ನು ಹಾಕಿ, ಅದರ ಮೇಲೆ 6.12ನ್ನು ನಾವೇ ಕಟ್ಟಿ ಕೂರಿಸಿದೆವು. ಅದು ಹೇಗೆಂದು ಇಲ್ಲಿ ಹೇಳುತ್ತೇನೆ. ಕಮಾಂಡ್‌ಗಳನ್ನು ಕನ್ನಡದಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ.

ಮೊದಲು ಯಂತ್ರವನ್ನೇ ಕೇಳಿ

ಕರ್ನಲ್ ಎಂದರೆ ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಮಾತಾಡುವ ಪದರ. ಯಾವ ಭಾಗ ಇದೆ ಎಂದು ತಿಳಿಯದೆ ಅದನ್ನು ಕಟ್ಟಲು ಹೊರಟರೆ ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದಂತೆ. ಡೆಬಿಯನ್ 12 ಹಾಕಿದ ಮೇಲೆ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ' ಎಂಬ ಕಮಾಂಡನ್ನು, ಒಂದು ಅಡ್ಡಗೆರೆ ಮತ್ತು 'ಎನ್‌ಎನ್‌ಕೆ' ಸೇರಿಸಿ ಕೊಡಿ. ಪ್ರತಿ ಚಿಪ್‌ನ ಹೆಸರು, ಗುರುತಿನ ಸಂಖ್ಯೆ ಮತ್ತು ಅದನ್ನು ಈಗ ನಡೆಸುತ್ತಿರುವ ಡ್ರೈವರ್ ಸಾಲುಸಾಲಾಗಿ ಕಾಣುತ್ತವೆ. ನಮ್ಮ ನೆಟ್‌ಬುಕ್‌ನ ವೈಫೈ ಎದುರಿಗೆ 168ಸಿ:001ಸಿ ಎಂದಿತ್ತು. ಅದು ಅಥೆರಾಸ್ ಚಿಪ್, ಡ್ರೈವರ್ 'ಎಟಿಎಚ್5ಕೆ'. ಇಂಟರ್ನೆಟ್ ಕೇಬಲ್ ಜೋಡಿಸುವ ಕಿಂಡಿಯದು 'ಆರ್8169', ಪರದೆಯದು 'ಐ915'. ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಕೈಯಿಂದಲೇ ಬರೆದುಕೊಳ್ಳಿ. ಮುಂದೆ ಪರದೆ ಕಪ್ಪಾದಾಗ ಯಂತ್ರದೊಳಗಿನ ಫೈಲ್ ನಿಮ್ಮ ನೆರವಿಗೆ ಬರುವುದಿಲ್ಲ.

ಆಮೇಲೆ 'ಎಲ್‌ಎಸ್‌ಮಾಡ್' ಕೊಟ್ಟು, ಆ ಕ್ಷಣ ಕೆಲಸದಲ್ಲಿರುವ ಮಾಡ್ಯೂಲ್‌ಗಳ, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರುವ ತುಣುಕುಗಳ, ಪಟ್ಟಿಯನ್ನು ಫೈಲ್‌ಗೆ ಉಳಿಸಿ. ಈ ಹಂತದಲ್ಲಿ ನಾನೊಂದು ತಪ್ಪು ಮಾಡಿದೆ. ಪಟ್ಟಿ ತೆಗೆಯುವಾಗ ಯಾವ ಪೆನ್‌ಡ್ರೈವನ್ನೂ ಚುಚ್ಚಿರಲಿಲ್ಲ. ಹೊಸ ಕರ್ನಲನ್ನು ಈ ಪಟ್ಟಿ ನೋಡಿಯೇ ಕಟ್ಟುವುದರಿಂದ, ಪಟ್ಟಿಯಲ್ಲಿ ಇಲ್ಲದ್ದು ಅದರಲ್ಲೂ ಇರುವುದಿಲ್ಲ. ಎಲ್ಲ ಮುಗಿದು, ವೈಫೈ ನಡೆದು, ಹುಡುಗಿ ಸಂತೋಷದಿಂದ ತನ್ನ ಟಿಪ್ಪಣಿಗಳ ಪೆನ್‌ಡ್ರೈವ್ ಹಾಕಿದಳು. ಅದರ ತುದಿಯ ಕೆಂಪು ದೀಪ ಹೊತ್ತಿತು, ಪರದೆಯ ಮೇಲೆ ಏನೂ ಬರಲಿಲ್ಲ. "ಕಾಕಾ, ಕಾಣುತ್ತಿಲ್ಲ" ಎಂದಾಗ ಅವಳ ಮುಖ ಬಾಡಿದ್ದು ಇನ್ನೂ ನೆನಪಿದೆ. ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಹಾಗಾಗಿ ಪಟ್ಟಿ ತೆಗೆಯುವ ಮುನ್ನ ಪೆನ್‌ಡ್ರೈವ್, ಮೌಸ್, ಮೆಮೊರಿ ಕಾರ್ಡ್, ಹೆಡ್‌ಫೋನ್ ಎಲ್ಲವನ್ನೂ ಜೋಡಿಸಿ. ಪೆನ್‌ಡ್ರೈವ್‌ನ ಒಂದು ಫೈಲ್ ತೆರೆಯಿರಿ, ಒಂದು ಹಾಡು ನುಡಿಸಿ, ವೆಬ್‌ಕ್ಯಾಮ್ ಚಾಲೂ ಮಾಡಿ.

ಕಟ್ಟುವ ಜಾಗ

ನೆಟ್‌ಬುಕ್‌ನಲ್ಲೇ ಕಟ್ಟಬಹುದು, ಆದರೆ ಇಡೀ ರಾತ್ರಿ ಹಿಡಿಯುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಹಳೆಯ ಫ್ಯಾನಿನ ಪುಟ್ಟ ಯಂತ್ರಕ್ಕೆ ಅಂಥ ದುಡಿತ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿಯೋ ಗೆಳೆಯರಲ್ಲಿಯೋ ನಾಲ್ಕು ಕೋರ್, 8 ಜಿಬಿ ರ‍್ಯಾಮ್‌ನ ಕಂಪ್ಯೂಟರ್ ಇದ್ದರೆ ಅದರಲ್ಲಿ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಒಳಗೆ ಡೆಬಿಯನ್ 12ರ 32 ಬಿಟ್ ಪ್ರತಿಯನ್ನೇ ಸ್ಥಾಪಿಸಿ, 30 ಜಿಬಿ ಜಾಗ ಕೊಡಿ. ಕಟ್ಟುವ ಕಡೆಯೂ ಬಳಸುವ ಕಡೆಯೂ ಒಂದೇ ವ್ಯವಸ್ಥೆ ಇದ್ದರೆ ಅರ್ಧ ತೊಡಕು ಅಲ್ಲೇ ಕಳೆಯುತ್ತದೆ. ಬೇಕಾದ ಪ್ಯಾಕೇಜ್‌ಗಳು: ಬಿಲ್ಡ್-ಎಸೆನ್ಷಿಯಲ್, ಬೈಸನ್, ಫ್ಲೆಕ್ಸ್, ಬಿಸಿ, ಆರ್‌ಸಿಂಕ್, ಸಿಪಿಐಒ, ಡೆಬ್‌ಹೆಲ್ಪರ್, ಜೊತೆಗೆ ಎಸ್‌ಎಸ್‌ಎಲ್, ಎಲ್ಫ್, ಎನ್‌ಕರ್ಸಸ್ ಲೈಬ್ರರಿಗಳ 'ಡೆವ್' ಪ್ರತಿಗಳು.

ಮೂಲ ಸಂಕೇತವನ್ನು ಕರ್ನಲ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ. ಬೇರೆಯವರು ಕೊಟ್ಟ ಪ್ರತಿ ಬೇಡ. ಪಕ್ಕದಲ್ಲೇ ಇರುವ ಸಹಿ ಫೈಲನ್ನು, ಡಿಜಿಟಲ್ ಸಹಿ ಪರೀಕ್ಷಿಸುವ 'ಜಿಪಿಜಿ'ಯಿಂದ ತಾಳೆ ನೋಡಿ. ಸಹಿ ಇರುವುದು ಸಂಕುಚಿತ ಫೈಲ್‌ಗಲ್ಲ, ಬಿಚ್ಚಿದ 'ಟಾರ್' ಫೈಲ್‌ಗೆ. ಇದು ತಿಳಿಯದೆ, ಸಹಿ ಹೊಂದುತ್ತಿಲ್ಲ ಎಂದು ಗಾಬರಿಯಾಗುವವರು ಬಹಳ.

ಆಯ್ಕೆಗಳು

ನೆಟ್‌ಬುಕ್‌ನ 'ಬೂಟ್' ಫೋಲ್ಡರ್‌ನಲ್ಲಿ 'ಕಾನ್ಫಿಗ್' ಎಂದು ಶುರುವಾಗುವ ಫೈಲ್ ಇರುತ್ತದೆ. ಈಗ ನಡೆಯುತ್ತಿರುವ ಕರ್ನಲ್‌ನ ಪೂರ್ಣ ಆಯ್ಕೆಪಟ್ಟಿ ಅದು. ಅದನ್ನು ಹೊಸ ಸಂಕೇತದ ಫೋಲ್ಡರ್‌ಗೆ ತಂದು '.ಕಾನ್ಫಿಗ್' ಎಂದು ಹೆಸರಿಡಿ. 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' ಕೊಟ್ಟರೆ ಹೊಸ ಆಯ್ಕೆಗಳಿಗೆ ರೂಢಿಯ ಉತ್ತರ ತುಂಬಿಕೊಳ್ಳುತ್ತದೆ. ಬಳಿಕ 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್'. ಅದಕ್ಕೆ, ಮೊದಲು ಉಳಿಸಿಟ್ಟ ಮಾಡ್ಯೂಲ್ ಪಟ್ಟಿಯ ವಿಳಾಸವನ್ನು, ದೊಡ್ಡ ಅಕ್ಷರದ 'ಎಲ್‌ಎಸ್‌ಎಂಒಡಿ' ಮುಂದೆ ಸಮಚಿಹ್ನೆ ಹಾಕಿ, ಕೊಡಬೇಕು. ಸಾವಿರಾರು ಡ್ರೈವರ್‌ಗಳಲ್ಲಿ ನಮ್ಮ ಯಂತ್ರಕ್ಕೆ ಬೇಕಾದವಷ್ಟೇ ಉಳಿಯುತ್ತವೆ. 1 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಮುಂದಿನದು 'ಮೇಕ್ ಮೆನುಕಾನ್ಫಿಗ್'. ನೀಲಿ ಪರದೆಯ ಮೆನು ತೆರೆಯುತ್ತದೆ. ಆಯ್ಕೆಯೊಂದರ ಎದುರು ನಕ್ಷತ್ರ ಇದ್ದರೆ ಅದು ಕರ್ನಲ್‌ನೊಳಗೇ ಬೆಸೆದುಕೊಂಡಿದೆ, 'ಎಂ' ಇದ್ದರೆ ಬೇಕಾದಾಗ ಸೇರುವ ಮಾಡ್ಯೂಲ್. ಪ್ರೊಸೆಸರ್ ವರ್ಗದಲ್ಲಿ ಇಂಟೆಲ್ ಆಟಂ ಆರಿಸಿ. ಡಿಸ್ಕ್ ಡ್ರೈವರ್‌ಗಳಾದ 'ಎಟಿಎ ಪಿಐಐಎಕ್ಸ್' ಮತ್ತು 'ಎಎಚ್‌ಸಿಐ', ಫೈಲ್ ವ್ಯವಸ್ಥೆ 'ಎಕ್ಸ್ಟ್4' ಇವಕ್ಕೆ ನಕ್ಷತ್ರವನ್ನೇ ಕೊಡಿ. ಡಿಸ್ಕ್ ಓದಲು ಬೇಕಾದ ಡ್ರೈವರ್ ಆ ಡಿಸ್ಕ್‌ನೊಳಗೇ ಉಳಿದರೆ ತೆಗೆಯುವವರು ಯಾರು? ಪೆನ್‌ಡ್ರೈವ್‌ಗಾಗಿ ಯುಎಸ್‌ಬಿ ಸ್ಟೋರೇಜ್, ವಿಫ್ಯಾಟ್, ಎಕ್ಸ್‌ಫ್ಯಾಟ್ ಇವೆಯೇ ಎಂದು ಕಣ್ಣಾರೆ ನೋಡಿ. ಪ್ರೊಸೆಸರ್ ವರ್ಗವಿದ್ದ ಮೆನುವಿನಲ್ಲೇ ಹೈಮೆಮ್ (ಹೆಚ್ಚಿನ ಮೆಮೊರಿಯ ಬೆಂಬಲ) 4 ಜಿಬಿ ಇರಲಿ. ಅದಿಲ್ಲದ 32 ಬಿಟ್ ಕರ್ನಲ್ ರೂಢಿಯ ಹಂಚಿಕೆಯಲ್ಲಿ ಸುಮಾರು 896 ಎಂಬಿ ಮಾತ್ರ ಬಳಸಿಕೊಳ್ಳುತ್ತದೆ. ಇರುವ ಒಂದು ಜಿಬಿಯಲ್ಲೂ ಮಿಕ್ಕದ್ದನ್ನು ಕಳೆದುಕೊಳ್ಳುವುದು ಬೇಡ.

ಡೀಬಗ್ ಮಾಹಿತಿಯ ಆಯ್ಕೆಯನ್ನು ತೆಗೆದುಹಾಕಿ, ಇಲ್ಲದಿದ್ದರೆ ಡಿಸ್ಕ್ ತುಂಬಿಹೋಗುತ್ತದೆ. 'ಸಿಸ್ಟಮ್ ಟ್ರಸ್ಟೆಡ್ ಕೀಸ್' ಎಂಬಲ್ಲಿ ಡೆಬಿಯನ್‌ನ ಫೈಲ್ ಹೆಸರು ಉಳಿದಿದ್ದರೆ ಅಳಿಸಿ. ಆ ಫೈಲ್ ನಮ್ಮ ಬಳಿ ಇರುವುದಿಲ್ಲ, ಕೆಲಸ ನಡುವೆ ನಿಲ್ಲುತ್ತದೆ. ಕೊನೆಗೆ 'ಲೋಕಲ್ ವರ್ಷನ್' ಜಾಗದಲ್ಲಿ ನಿಮ್ಮದೊಂದು ಗುರುತು ಸೇರಿಸಿ. ನಾವು '-ಕಲಬುರಗಿ' ಎಂದು ಕೊಟ್ಟೆವು.

ಕಟ್ಟುವುದು

'ಮೇಕ್ ಬಿನ್‌ಡೆಬ್-ಪಿಕೆಜಿ', ಜೊತೆಗೆ '-ಜೆ4'. ವರ್ಚುವಲ್‌ಬಾಕ್ಸ್‌ಗೆ ಕೊಟ್ಟಿದ್ದರೆ ನಾಲ್ಕು ಕೋರ್‌ಗಳೂ ದುಡಿಯುತ್ತವೆ. ನಸುಕಿನಲ್ಲಿ, ಬಿಸಿಲೇರುವ ಮೊದಲೇ ಹಚ್ಚಿ. ಲ್ಯಾಪ್‌ಟಾಪ್ ಆದರೆ ಹಾಸಿಗೆಯ ಮೇಲಲ್ಲ, ನಮ್ಮ ಮನೆಗಳ ಶಹಾಬಾದಿ ಫರಸಿಯ ಮೇಲೆ, ಕೆಳಗೆ ಎರಡು ಪುಸ್ತಕ ಇಟ್ಟು ಗಾಳಿಯಾಡಲು ಬಿಡಿ. ಕರೆಂಟ್ ಹೋದರೆ ಎದೆಗುಂದಬೇಡಿ. ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಮುಗಿದ ಫೈಲ್‌ಗಳನ್ನು ಬಿಟ್ಟು ಉಳಿದವನ್ನು ಮುಂದುವರಿಸುತ್ತದೆ. ಅರ್ಧಕ್ಕೆ ಕೆಟ್ಟ ಫೈಲ್‌ನಿಂದ ವಿಚಿತ್ರ ದೋಷ ಬಂದರೆ ಮಾತ್ರ 'ಮೇಕ್ ಕ್ಲೀನ್' ಮಾಡಿ ಹೊಸದಾಗಿ ಹಚ್ಚಿ. ನಮಗೆ ಮುಕ್ಕಾಲು ಗಂಟೆ ಸಾಕಾಯಿತು.

ಹಿಂದಿರುಗುವ ದಾರಿ

ನಾನು ಅತ್ಯಂತ ಒತ್ತಿ ಹೇಳುವುದು ಈ ಹಂತವನ್ನೇ. ಹಳೆಯ ಕರ್ನಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಸಿದ್ಧವಾದ 'ಲಿನಕ್ಸ್-ಇಮೇಜ್' ಡೆಬ್ ಫೈಲನ್ನು (ಡೆಬಿಯನ್‌ನ ಪ್ಯಾಕೇಜ್) ನೆಟ್‌ಬುಕ್‌ಗೆ ತಂದು 'ಡಿಪಿಕೆಜಿ -ಐ' ಮೂಲಕ ಸ್ಥಾಪಿಸಿದರೆ, ಅದು ಹಳೆಯದರ ಪಕ್ಕದಲ್ಲಿ ಕೂರುತ್ತದೆ. ಬೂಟ್ ಮೆನುವನ್ನೂ ತಾನೇ ಹೊಸದು ಮಾಡಿಕೊಳ್ಳುತ್ತದೆ.

ಈಗಲೇ ರೀಬೂಟ್ ಬೇಡ. 'ಇಟಿಸಿ' ಫೋಲ್ಡರ್‌ನೊಳಗಿನ 'ಡೀಫಾಲ್ಟ್' ಫೋಲ್ಡರ್‌ನಲ್ಲಿರುವ, ಬೂಟ್ ಮೆನುವನ್ನು ನಿರ್ಧರಿಸುವ 'ಗ್ರಬ್' ಫೈಲ್ ತೆರೆದು, ಡೀಫಾಲ್ಟ್ ಆಯ್ಕೆಯನ್ನು 'ಸೇವ್ಡ್' ಎಂದೂ ಕಾಯುವ ಸಮಯವನ್ನು 10 ಸೆಕೆಂಡ್ ಎಂದೂ ಬದಲಿಸಿ; ಕರ್ನಲ್ ಕುಸಿದರೆ 10 ಸೆಕೆಂಡಿನಲ್ಲಿ ಯಂತ್ರ ತಾನೇ ರೀಬೂಟ್ ಆಗಲೆಂದು ಕರ್ನಲ್ ಸಾಲಿಗೆ 'ಪ್ಯಾನಿಕ್=10' ಸೇರಿಸಿ, 'ಅಪ್‌ಡೇಟ್-ಗ್ರಬ್' ಕೊಡಿ. ಆವೃತ್ತಿಯ ಲೆಕ್ಕದಲ್ಲಿ 6.12 ಎಂಬುದು ಡೆಬಿಯನ್ 12ರ ಜೊತೆ ಬಂದ 6.1ಕ್ಕಿಂತ ಮುಂದಿನದು, ಹಾಗಾಗಿ ಹೊಸ ಕರ್ನಲ್ ಮೆನುವಿನ ಮೊದಲಿಗಿರುತ್ತದೆ, ಅಂದರೆ ಸೊನ್ನೆಯ ಸ್ಥಾನ. ಹಳೆಯದು ಎರಡನೆಯ ಮೆನುವಿನ ಒಳಗೆ. ಎರಡೇ ಕರ್ನಲ್ ಇದ್ದರೆ ಅದರ ವಿಳಾಸ "1>2". 'ಗ್ರಬ್-ಸೆಟ್-ಡೀಫಾಲ್ಟ್' ಮುಂದೆ ಈ ವಿಳಾಸವನ್ನು ಉದ್ಧರಣ ಚಿಹ್ನೆಯ ಸಮೇತ ಕೊಡಿ. ಅನಂತರ 'ಗ್ರಬ್-ರೀಬೂಟ್ 0'. ಇದರ ಅರ್ಥ ಇಷ್ಟು: ಮುಂದಿನ ಒಂದೇ ಒಂದು ಸಲ ಹೊಸ ಕರ್ನಲ್, ಆಮೇಲೆ ಮತ್ತೆ ಹಳೆಯದು. ಹೊಸದು ನಡುದಾರಿಯಲ್ಲಿ ಬಿದ್ದರೂ ಯಂತ್ರವನ್ನು ಆರಿಸಿ ಹಚ್ಚಿದರೆ ಹಳೆಯದು ಬಂದು ನಿಲ್ಲುತ್ತದೆ. ಈಗ ರೀಬೂಟ್ ಮಾಡಿ.

ಏಳದಿದ್ದರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ವೈಫೈ ಬರಲಿಲ್ಲವೆಂದು ಇಡೀ ವ್ಯವಸ್ಥೆಯನ್ನೇ ಅಳಿಸಿ ಹಾಕುವವರನ್ನು ಕಂಡಿದ್ದೇನೆ. ಪರದೆಯ ಕೊನೆಯ ಸಾಲುಗಳನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಓದಿ. ರೂಟ್ (ವ್ಯವಸ್ಥೆ ಇರುವ ಡಿಸ್ಕ್ ಭಾಗ) ಸಿಗುತ್ತಿಲ್ಲ ಎಂಬ ಮಾತಿನ ಜೊತೆ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಆವರಣದ ಪ್ರಾಂಪ್ಟ್ ಕಂಡರೆ, ಅಥವಾ 'ಪ್ಯಾನಿಕ್' ಮೌಲ್ಯದಿಂದಾಗಿ ಯಂತ್ರ ತಾನೇ ರೀಬೂಟ್ ಆದರೆ, ಡಿಸ್ಕ್ ಡ್ರೈವರ್ ಬಿಟ್ಟುಹೋಗಿದೆ. 'ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್' ಎಂದು ಪ್ಯಾನಿಕ್ ಆದರೆ ಬೂಟ್ ಆಗುವಾಗ ಮೊದಲು ತೆರೆಯುವ ಆರಂಭಿಕ ಇಮೇಜ್ ತಯಾರಾಗಿಲ್ಲ ಅಥವಾ ಫೈಲ್ ವ್ಯವಸ್ಥೆಯ ಡ್ರೈವರ್ ಇಲ್ಲ. ಪರದೆ ಬರೀ ಕಪ್ಪಾದರೆ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂಬ ಸಾಲಿನ ತುದಿಗೆ 'ನೋಮೋಡ್‌ಸೆಟ್' ಸೇರಿಸಿ ನೋಡಿ. ಎದ್ದರೆ ದೋಷ ಗ್ರಾಫಿಕ್ಸ್‌ನದು. ಹೊಸ ಕಾಲದ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ನಾವು ಕಟ್ಟಿದ ಕರ್ನಲ್‌ಗೆ ಸಹಿ ಇಲ್ಲವೆಂದು ಒಳಗೇ ಬಿಡುವುದಿಲ್ಲ. ಎನ್‌270 ಅದಕ್ಕಿಂತ ಹಳೆಯದು.

ಎದ್ದರೆ 'ಯುನೇಮ್ -ಆರ್' ಕೊಡಿ. ಸಂಖ್ಯೆಯ ಕೊನೆಗೆ ನಮ್ಮ ಊರಿನ ಹೆಸರು ಕಂಡಾಗ ಆದ ಖುಷಿ ಇಷ್ಟಿಷ್ಟಲ್ಲ. ವೈಫೈ, ಧ್ವನಿ, ಪೆನ್‌ಡ್ರೈವ್, ಮುಚ್ಚಳ ಮುಚ್ಚಿ ತೆರೆಯುವುದು, ಬ್ಯಾಟರಿ ಒಂದೊಂದನ್ನೂ ಪರೀಕ್ಷಿಸಿ. ಎರಡು ಮೂರು ದಿನ ಸರಿಯಾಗಿ ನಡೆದ ಮೇಲೆ 'ಗ್ರಬ್-ಸೆಟ್-ಡೀಫಾಲ್ಟ್ 0' ಕೊಟ್ಟು ಹೊಸದನ್ನು ಖಾಯಂ ಮಾಡಿ.

ಇನ್ನೊಂದು ಹೊಣೆ ಉಳಿಯುತ್ತದೆ. ನಾವು ಕಟ್ಟಿದ ಕರ್ನಲ್‌ಗೆ ಡೆಬಿಯನ್‌ನಿಂದ ಭದ್ರತಾ ತಿದ್ದುಪಡಿ ಬರುವುದಿಲ್ಲ. 6.12ರ ಸಾಲಿನಲ್ಲಿ ಹೊಸ ತಿದ್ದುಪಡಿ ಬಂದಾಗ ಅದೇ '.ಕಾನ್ಫಿಗ್' ಇಟ್ಟುಕೊಂಡು ನಾವೇ ಮತ್ತೆ ಕಟ್ಟಬೇಕು. ಕರ್ನಲ್ ಬದಲಿಸಿದ ಮಾತ್ರಕ್ಕೆ ಒಂದು ಜಿಬಿ ಎರಡಾಗುವುದಿಲ್ಲ, ಆನ್‌ಲೈನ್ ವಿಡಿಯೊ ತಡೆತಡೆದೇ ಓಡುತ್ತದೆ. ಪಿಡಿಎಫ್ ಓದಲು, ಕನ್ನಡದಲ್ಲಿ ಟಿಪ್ಪಣಿ ಬರೆಯಲು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಏನೂ ಅಡ್ಡಿಯಿಲ್ಲ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆ ಹುಡುಗಿ ನೆಟ್‌ಬುಕ್ ತೆಗೆದುಕೊಂಡು ಬರುತ್ತಾಳೆ. ಹೋದ ಸಲ ಮೆನುಕಾನ್ಫಿಗ್‌ನಲ್ಲಿ ನಕ್ಷತ್ರಗಳನ್ನು ಹಾಕಿದ್ದು ಅವಳೇ. ನಾನು ಪಕ್ಕದಲ್ಲಿ ಕುಳಿತು ನೋಟ್‌ಬುಕ್‌ನ ಪಟ್ಟಿ ಓದಿ ಹೇಳುತ್ತಿದ್ದೆ.